ತಿರುವಿನ ಬಿಳಿ ಪಟ್ಟಿ

ದಾವಣಗೆರೆಯ ಜನ ರಸ್ತೆಯ ಮೇಲಿನ ಬಿಳಿ ಗೆರೆಯನ್ನು ತಿರುಗಿಯೂ ನೋಡುವವರಲ್ಲ. ಗೆರೆ ಹೊಸದಿದ್ದಾಗ ಅದರ ಮೇಲೇ ಬೈಕು ನಿಲ್ಲಿಸಿ ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ, ಅಳಿಸಿಹೋದ ಮೇಲೆ ಪಾಲಿಕೆ ಕಚೇರಿಯವರನ್ನು ಬೈಯುತ್ತಾರೆ. ಇಂಥ ಊರಿನಲ್ಲಿ ಹದಿನೇಳು ವರ್ಷ ಗೆರೆ ಎಳೆದು, ಅದರ ಬಗ್ಗೆ ಹೆಮ್ಮೆಯನ್ನೂ ಪಟ್ಟುಕೊಂಡ ಮನುಷ್ಯ ಒಬ್ಬರಿದ್ದಾರೆ ಎಂದರೆ ನಂಬುವುದು ಕಷ್ಟ. ಆದರೂ ಇದ್ದಾರೆ. ಹರಿಹರದ ಹಯಾತ್ ಸಾಬರು. ಸ್ಟೇಷನ್ನಿನ ಹತ್ತಿರ ಮನೆ, ವಯಸ್ಸು ಐವತ್ತೇಳು, ಹೆಂಡತಿ ಮೆಹರ್ ಬಾನು.

ಮೊದಲು ಅವರು ಬೋರ್ಡ್ ಬರೆಯುತ್ತಿದ್ದರು. ಹರಿಹರದ ಅರ್ಧ ಅಂಗಡಿಗಳ ಹೆಸರು ಅವರ ಕೈಯವೇ. ಫ್ಲೆಕ್ಸ್ ಬಂತು, ಬ್ರಷ್ಷಿಗೆ ಕೆಲಸ ಹೋಯಿತು. ಆಗ ವೀರೇಶ್ ಎಂಬ ಗುತ್ತಿಗೆದಾರ ಕರೆದು, ಗೋಡೆ ಬಿಟ್ಟು ನೆಲಕ್ಕೆ ಬರ್ರಿ ಎಂದ. ಸಾಬರು ಬಂದರು. ನಿಂತು ಬರೆಯುತ್ತಿದ್ದವರು ಬಗ್ಗಿ ಬರೆಯುವುದನ್ನು ಕಲಿತರು. ಸೊಂಟ ಹೋಯಿತು, ಕೈ ಮಾತ್ರ ಹೋಗಲಿಲ್ಲ. ಅವರು ಸುಣ್ಣದ ದಾರ ಎಳೆದು ಮೀಟಿದರೆ ಬಿದ್ದ ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಇರುತ್ತಿತ್ತು. ಅದನ್ನು ನಾಲ್ಕು ಜನ ಹೊಗಳಲಿ ಎಂಬ ಆಸೆಯೂ ಅವರಿಗೆ ಇತ್ತು, ಸುಳ್ಳೇಕೆ ಹೇಳಬೇಕು.

ಈ ಕೆಲಸದ ಗುಟ್ಟು ಗೆರೆ ಎಳೆಯುವುದರಲ್ಲಿ ಇಲ್ಲ, ಎಲ್ಲಿ ಎಳೆಯಬೇಕು ಎಂಬುದರಲ್ಲಿದೆ. ಸವೆದ ಗೆರೆಯ ಮೇಲೆ ಮತ್ತೆ ಬಣ್ಣ ಹಾಕುವುದು ಮಕ್ಕಳಾಟ. ಹಳೆಯದರ ಗುರುತು ಕೆಳಗೆ ಕಾಣುತ್ತಿರುತ್ತದೆ, ಅದರ ಮೇಲೇ ನಡೆದರಾಯಿತು. ಆದರೆ ರಸ್ತೆಗೆ ಹೊಸ ಡಾಂಬರು ಬಿದ್ದರೆ ಹಳೆಯದೆಲ್ಲ ಹೂತುಹೋಗುತ್ತದೆ. ಜನ ದಾಟುವ ಜೀಬ್ರಾ ಪಟ್ಟಿ ಎಲ್ಲಿತ್ತು, ಗಾಡಿ ನಿಲ್ಲುವ ಗೆರೆ ಎಲ್ಲಿತ್ತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಕಚೇರಿಯಲ್ಲಿ ನಕ್ಷೆ ಇರುತ್ತದೆ, ನಿಜ. ನಕ್ಷೆಯಲ್ಲಿ ರಸ್ತೆ ನೆಟ್ಟಗೆ ಇರುತ್ತದೆ. ನೆಲದ ಮೇಲೆ ಅದೇ ರಸ್ತೆಗೆ ಒಂದು ಟ್ರಾನ್ಸ್‌ಫಾರ್ಮರ್, ಒಂದು ಬೇವಿನ ಕಟ್ಟೆ, ಯಾರದೋ ಮನೆಯ ಮೆಟ್ಟಿಲು ಎಲ್ಲ ಅಡ್ಡ ಬಂದಿರುತ್ತವೆ.

ಅದಕ್ಕೆ ಹಯಾತ್ ಸಾಬರು ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಡಾಂಬರು ಹಾಕುವ ಮೊದಲು ಬಿಳಿ ಬಣ್ಣದ ಡಬ್ಬಿ ಹಿಡಿದು ರಸ್ತೆಯುದ್ದ ನಡೆಯುವುದು. ಜೀಬ್ರಾ ಪಟ್ಟಿಯ ಮಧ್ಯಕ್ಕೆ ಸರಿಯಾಗಿ, ಫುಟ್‌ಪಾತಿನ ಅಂಚಿಗೆ ಜೋಡಿಸಿದ ಕಪ್ಪು ಹಳದಿ ಕಲ್ಲಿನ ಮೇಲೆ ಮೂರು ಸಣ್ಣ ಗೀಟು ಹಾಕುವುದು. ಅದಕ್ಕೆ ಜೊತೆಯವರು ಕಾಗೆಗಾಲು ಎಂದು ಹೆಸರಿಟ್ಟಿದ್ದರು. ಆಮೇಲೆ ಹತ್ತಿರದ ಲೈಟ್ ಕಂಬದಿಂದ ಎಷ್ಟು ಹೆಜ್ಜೆ ಎಂದು ಎಣಿಸಿ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವುದು. ಹೊಸ ಡಾಂಬರು ಬಿದ್ದ ಮೇಲೆ ಕಲ್ಲು ಹುಡುಕಿ, ಕಾಗೆಗಾಲಿನಿಂದ ರಸ್ತೆಯ ಆ ಬದಿಗೆ ಮೂಲೆಮಟ್ಟ ಹಿಡಿದು ನೇರ ಅಡ್ಡಕ್ಕೆ ದಾರ ಎಳೆಯುವುದು. ಎಂಜಿನಿಯರುಗಳೂ ಬಂದು, ಸಾಬ್ರ ಗುರುತು ಎಲ್ಲೈತೆ ಎಂದು ಕೇಳುವ ಮಟ್ಟಿಗೆ ಆ ಪದ್ಧತಿ ನಡೆದುಬಂದಿತ್ತು. ಟೇಪು ಜಗ್ಗುತ್ತೆ, ದಾರ ಜೋತುಬೀಳುತ್ತೆ, ಕಲ್ಲು ಮಾತ್ರ ಕದಲುವುದಿಲ್ಲ ಎಂದು ಸಾಬರು ಎಲ್ಲರಿಗೂ ಹೇಳುತ್ತಿದ್ದರು. ಹೆಜ್ಜೆಯ ಪುಸ್ತಕವನ್ನು ವರ್ಷಗಳಿಂದ ತೆರೆದು ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ವಿದ್ಯಾನಗರದಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮುಂದಿನ ರಸ್ತೆಗೆ ಅವರು ಮಾರ್ಚ್ ತಿಂಗಳಲ್ಲಿ ಕಾಗೆಗಾಲು ಹಾಕಿದ್ದರು. ಡಾಂಬರು ಆಗಲೇ ಬೀಳಬೇಕಿತ್ತು, ಬೀಳಲಿಲ್ಲ. ಬೇಸಿಗೆಯಲ್ಲಿ ಪೈಪು ಹಾಕಲು ಯಾರೋ ಬಂದು ಫುಟ್‌ಪಾತು ಅಗೆದರು, ಮುಚ್ಚಿದರು, ಹೋದರು. ಮಳೆಗಾಲ ಕಳೆಯಿತು. ದೀಪಾವಳಿ ಆದ ಮೇಲೆ ಡಾಂಬರು ಬಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಬಾಯ್ಲರ್ ಗಾಡಿಯ ಜೊತೆ ಸಾಬರ ತಂಡ ಬಂದಿಳಿಯಿತು.

ರಸ್ತೆಗೆ ಹಾಕುವುದು ಡಬ್ಬಿಯ ಬಣ್ಣವಲ್ಲ. ಪುಡಿಯನ್ನು ಬಾಯ್ಲರಿನಲ್ಲಿ ಕುದಿಸಿ ಬಿಸಿ ಬಣ್ಣ ಮಾಡುತ್ತಾರೆ, ಅದು ಆರುವ ಮೊದಲೇ ಮೇಲೆ ಗಾಜಿನ ಪುಡಿ ಎರಚುತ್ತಾರೆ, ರಾತ್ರಿ ಗಾಡಿಯ ಬೆಳಕಿಗೆ ಹೊಳೆಯಲಿ ಎಂದು. ಕುದಿದ ಬಣ್ಣ ಯಾರಿಗೂ ಕಾದು ಕೂರುವುದಿಲ್ಲ. ಹೊತ್ತು ಮೀರಿದರೆ ಹಳದಿಗೆ ತಿರುಗುತ್ತದೆ. ಅವತ್ತು ಬಾಯ್ಲರ್ ನೋಡಿಕೊಳ್ಳುವ ಎರ್ರಿಸ್ವಾಮಿ ಬೇಗನೆ ಒಲೆ ಹಚ್ಚಿಬಿಟ್ಟಿದ್ದ. ಬಣ್ಣ ಸಿದ್ಧವಾಗಿತ್ತು, ಎರಡೂ ಬದಿಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಕಂಬದ ಹೆಜ್ಜೆ ನೋಡಬೇಕೇನ್ರಿ ಎಂದು ಎರ್ರಿಸ್ವಾಮಿಯೇ ಕೇಳಿದ. ಸಾಬರು ಕಾಗೆಗಾಲಿನ ಕಲ್ಲಿನ ಮೇಲೆ ಕಾಲಿಟ್ಟು ನಿಂತಿದ್ದರು.

“ಕಲ್ಲು ಐತಲ್ಲೋ, ಹೆಜ್ಜೆ ಯಾಕ?” ಎಂದರು.

ಪಟ್ಟಿ ಬಿತ್ತು. ಚೆಂದಾಗಿಯೇ ಬಿತ್ತು. ಮಧ್ಯಾಹ್ನ ಎಂಜಿನಿಯರ್ ಸಹನಾ ಮೇಡಂ ಬಂದರು. ಈ ವಾರ್ಡಿಗೆ ಬಂದು ಅವರಿಗೆ ಇನ್ನೂ ತಿಂಗಳಾಗಿರಲಿಲ್ಲ. ಬಣ್ಣದ ದಪ್ಪ ಅಳೆದರು, ಪಟ್ಟಿಯ ಅಗಲ ಅಳೆದರು, ಅಂಚು ನೆಟ್ಟಗಿದೆಯೇ ಎಂದು ಬಗ್ಗಿ ನೋಡಿದರು. ಗೆರೆ ಅಂದರೆ ನಿಮ್ಮದು ಎಂದು ಹೇಳಿ ಹೋದರು. ಸಾಬರು ಆ ಮಾತನ್ನು ಹರಿಹರದ ಬಸ್ಸಿನಲ್ಲಿ ಮನಸ್ಸಿನೊಳಗೇ ನಾಲ್ಕು ಸಲ ಹೇಳಿಕೊಂಡರು.

ಮೂರು ದಿನ ಬಿಟ್ಟು ಬೇರೆ ಕೆಲಸಕ್ಕೆ ಹೋಗುವಾಗ ಅದೇ ರಸ್ತೆಯಲ್ಲಿ ಇಳಿದರು. ತಮ್ಮ ಕೈಕೆಲಸ ನೋಡುವ ಆಸೆ. ಆ ಹೊತ್ತಿಗೆ ಇಬ್ಬರು ಹುಡುಗಿಯರು ಮೊಬೈಲ್ ನೋಡುತ್ತಾ ಪಟ್ಟಿಯ ಮೇಲೆ ಕಾಲಿಟ್ಟರು. ತಿರುವಿನಿಂದ ಸಿಟಿ ಬಸ್ಸು ಬಂತು. ಬ್ರೇಕು ಕಿರುಚಿತು. ಬಸ್ಸಿನ ಮೂತಿ ಹುಡುಗಿಯರಿಂದ ಒಂದು ಮಾರು ದೂರಕ್ಕೆ ನಿಂತಿತು. ಅವರು ತಲೆ ಕೂಡ ಎತ್ತದೆ ದಾಟಿ ಹೋದರು. ಬಿಳಿ ಪಟ್ಟಿಯ ಮೇಲೆ ಇದ್ದೇವಲ್ಲ ಎಂಬ ಧೈರ್ಯ ಅವರಿಗೆ.

ಸಾಬರು ತಲೆ ಎತ್ತಿದರು. ತಿರುವು ಇಷ್ಟು ಹತ್ತಿರ ಇತ್ತೇ? ಮೂಲೆಯ ಮನೆಯ ಕಾಂಪೌಂಡು ಎತ್ತರದ್ದು, ಅದರ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿಕೊಂಡಿತ್ತು. ಆ ಕಡೆಯಿಂದ ಬರುವ ಡ್ರೈವರನಿಗೆ ತಿರುಗುವ ತನಕ ಪಟ್ಟಿ ಕಾಣುವಂತೆಯೇ ಇರಲಿಲ್ಲ. ಹಾಸ್ಟೆಲ್ಲಿನ ಗೇಟು ನೋಡಿದರೆ ಅತ್ತ ಕೆಳಗೆ ಎಲ್ಲೋ ಇತ್ತು. ಹಳೆಯ ಪಟ್ಟಿ ಗೇಟಿನ ಎದುರಿಗೇ ಇದ್ದದ್ದು ಅವರಿಗೆ ಈಗ ನೆನಪಾಯಿತು. ಜೇಬಿನಿಂದ ಪುಸ್ತಕ ತೆಗೆದರು. ಕಂಬದಿಂದ ಹದಿನೆಂಟು ಹೆಜ್ಜೆ ಎಂದು ತಮ್ಮದೇ ಕೈಬರಹ. ಕಂಬಕ್ಕೆ ಬೆನ್ನು ಹಚ್ಚಿ ನಡೆದರು. ನಾಲ್ಕನೆಯ ಹೆಜ್ಜೆಗೇ ಕಾಗೆಗಾಲಿನ ಕಲ್ಲು ಕಾಲಿಗೆ ಸಿಕ್ಕಿತು.

ಪೈಪಿನವರು ಕಲ್ಲುಗಳನ್ನೆಲ್ಲ ಕಿತ್ತು ರಾಶಿ ಹಾಕಿದ್ದರು. ಮುಚ್ಚುವಾಗ ಕೈಗೆ ಯಾವುದು ಸಿಕ್ಕಿತೋ ಅದನ್ನು ಜೋಡಿಸಿದ್ದರು. ಕಲ್ಲಿನ ಮೇಲಿನ ಮೂರು ಗೀಟು ಯಾರಿಗೆ ಏನು ಹೇಳೀತು? ಅದು ಸಾಬರ ಭಾಷೆ, ಸಾಬರಿಗೆ ಮಾತ್ರ ಬರುವುದು. ಕದಲುವುದಿಲ್ಲ ಎಂದು ಅವರು ಊರಿಗೆಲ್ಲ ಹೇಳಿದ್ದ ಕಲ್ಲು ಹದಿನಾಲ್ಕು ಹೆಜ್ಜೆ ನಡೆದು ತಿರುವಿಗೆ ಬಂದು ಕೂತಿತ್ತು. ಅದನ್ನು ನಂಬಿ ಅವರು ಜನ ದಾಟುವ ಜಾಗವನ್ನೇ ಬಸ್ಸಿನ ಬಾಯಿಗೆ ತಂದಿಟ್ಟಿದ್ದರು.

ಸಾಬರು ಅಲ್ಲೇ ಫುಟ್‌ಪಾತಿನ ಮೇಲೆ ಕೂತರು. ಎದುರಿನ ಚಹಾದಂಗಡಿಯವನು ನೀರು ಬೇಕೇ ಎಂದು ಕೇಳಿದ. ಬೇಡವೆಂದರು. ಮೊದಲು ಬಂದ ಯೋಚನೆ, ಯಾರಿಗೆ ಗೊತ್ತಾಗಿದೆ ಎಂಬುದು. ಯಾರಿಗೂ ಗೊತ್ತಾಗಿರಲಿಲ್ಲ.

ಹೇಳಬಹುದಿತ್ತು. ಆ ಕ್ಷಣವೇ ಫೋನ್ ಮಾಡಿ ಸಹನಾ ಮೇಡಂಗೆ ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಫೋನನ್ನು ಕೈಗೆ ತೆಗೆದುಕೊಂಡದ್ದೂ ನಿಜ. ಆದರೆ ಭಯ ಅನ್ನುವುದು ಒಂಟಿಯಾಗಿ ಬರುವುದಿಲ್ಲ, ನಾಲ್ಕು ನೆಂಟರನ್ನು ಕರೆದುಕೊಂಡೇ ಬರುತ್ತದೆ. ಈಗೆಲ್ಲ ಮಷೀನು, ಕ್ಯಾಮೆರಾ ಬಂದಿವೆ, ನಿಮ್ಮ ಕಾಗೆಗಾಲು ಎಷ್ಟು ದಿನ ಎಂದು ವೀರೇಶ್ ಹೋದ ತಿಂಗಳೇ ನಕ್ಕಿದ್ದ. ಬೇರೆ ಯಾವುದೋ ಊರಿನಲ್ಲಿ ರಸ್ತೆ ಕೆಲಸ ಕೆಟ್ಟು ಜನ ಸತ್ತಾಗ ಕೆಲಸದವರ ಮೇಲೂ ಕೇಸು ಹಾಕಿದರಂತೆ ಎಂದು ಎರ್ರಿಸ್ವಾಮಿ ಎಲ್ಲೋ ಕೇಳಿ ಬಂದು ಹೇಳಿದ್ದ. ಹದಿನೇಳು ವರ್ಷದಲ್ಲಿ ಒಂದು ಗೆರೆ ತಪ್ಪಿಲ್ಲ ಎಂದು ಸಾಬರು ಮೊಹಲ್ಲಾದಲ್ಲಿ ಹೇಳಿಕೊಂಡು ತಿರುಗಿದ್ದರು. ಫೋನು ಜೇಬಿಗೆ ವಾಪಸು ಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹರಿಹರ ಬಿಟ್ಟು ಏಳು ಗಂಟೆಯೊಳಗೆ ಆ ತಿರುವಿನಲ್ಲಿ ನಿಂತಿದ್ದರು. ಹೇಳಲಿಕ್ಕಲ್ಲ, ಕಾಯಲಿಕ್ಕೆ. ಯಾರಿಗಾದರೂ ಏನಾದರೂ ಆದರೆ ಎಂಬ ಭಯ ಅವರನ್ನು ಅಲ್ಲಿಗೆ ಎಳೆದು ತಂದಿತ್ತು. ಆಗಲೇ ಅಂಜಿನವ್ವ ಬಂದದ್ದು.

ಅಂಜಿನವ್ವ ಲೋಕಿಕೆರೆಯವಳು, ಅರವತ್ತು ದಾಟಿದವಳು. ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಕೆಲಸ. ಬೆಳಗಿನ ಬಸ್ಸಿಗೆ ಬಂದು ಹಾಸ್ಟೆಲ್ಲಿನ ಎದುರು ಬದಿಗೆ ಇಳಿಯುತ್ತಿದ್ದಳು. ಎರಡೂ ಮಂಡಿ ಹಿಡಿದುಕೊಂಡಿದ್ದವು. ಹುಡುಗಿಯರು ನಾಲ್ಕು ಹಾರಿಗೆ ದಾಟುವ ರಸ್ತೆಯನ್ನು ಅವಳು ಒಂದೊಂದೇ ಕಾಲಿಟ್ಟು ದಾಟಬೇಕಿತ್ತು. ಪಟ್ಟಿ ಅಳಿಸಿಹೋಗಿದ್ದಾಗ ಅವಳು ಎರಡೂ ಕಡೆ ನೋಡಿ, ಮತ್ತೆ ನೋಡಿ, ಗಾಡಿ ಇಲ್ಲವೆಂದು ಖಾತ್ರಿಯಾದ ಮೇಲೆ ಇಳಿಯುತ್ತಿದ್ದಳು. ಈಗ ಬಿಳಿ ಪಟ್ಟಿ ಬಂದಿತ್ತಲ್ಲ, ನೋಡುವುದನ್ನು ಬಿಟ್ಟಿದ್ದಳು. ಚೀಲ ಬಗಲಿಗೆ ಹಾಕಿಕೊಂಡು ಸೀದಾ ಪಟ್ಟಿಯ ಮೇಲೆ ಕಾಲಿಟ್ಟಳು. ಸಾಬರು ಓಡಿದರು. ಒಂದು ಕೈಯಲ್ಲಿ ಅವಳ ತೋಳು, ಇನ್ನೊಂದು ಕೈಯಲ್ಲಿ ರಸ್ತೆ ಕೆಲಸಕ್ಕೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಕೆಂಪು ಬಟ್ಟೆ. ತಿರುವಿನ ಕಡೆ ಬೀಸುತ್ತಾ ಅವಳನ್ನು ದಾಟಿಸಿದರು.

ಹಾಸ್ಟೆಲ್ಲಿನ ಬದಿಗೆ ಬಂದ ಮೇಲೆ ಯಾರಪ್ಪ ನೀವು ಎಂದು ಅವಳು ಕೇಳಿದಳು. ಪಟ್ಟಿ ಬರೆದವನು ನಾನೇ ಎಂದು ಸಾಬರ ಬಾಯಿಂದ ಬಂದುಬಿಟ್ಟಿತು. ಅವಳ ಮುಖ ಅರಳಿತು.

“ಪುಣ್ಯದ ಕೆಲಸ ಮಾಡೀರಿ ಸಾಬ್ರೆ. ದಿನಾ ಜೀವ ಕೈಯಾಗೆ ಹಿಡ್ಕೊಂಡು ದಾಟ್ತಿದ್ದೆ. ಈಗ ಧೈರ್ಯ ಬಂತು.”

ಸಾಬರು ಏನಾದರೂ ಹೇಳಬೇಕಿತ್ತು. ಅವ್ವ, ಅಲ್ಲಿ ಗೇಟಿನ ಎದುರಿಗೆ ದಾಟ್ರಿ, ಅದು ಚಲೋ ಎಂದರು. ಅಲ್ಲಿ ಪಟ್ಟಿ ಇಲ್ಲವಲ್ಲ, ಪಟ್ಟಿಯ ಮೇಲೇ ದಾಟಬೇಕೆಂದು ವಾರ್ಡನ್ ಮೇಡಂ ತಾಕೀತು ಮಾಡಿದ್ದಾರೆ ಎಂದಳು ಅವಳು. ಯಾಕೆ ಅಲ್ಲಿ ದಾಟಬೇಕು ಎಂದು ಹೇಳಲು ಸಾಬರಿಗೆ ಬಾಯಿ ಬರಲಿಲ್ಲ.

ಅಂದಿನಿಂದ ಅವರಿಗೆ ಅದೇ ಉದ್ಯೋಗವಾಯಿತು. ಕತ್ತಲು ಹರಿಯುವ ಮೊದಲೇ ಎದ್ದು ಬಸ್ಸು ಹಿಡಿಯುವುದು, ತಿರುವಿನಲ್ಲಿ ನಿಲ್ಲುವುದು, ಅಂಜಿನವ್ವನ ಕೈ ಹಿಡಿದು ದಾಟಿಸುವುದು. ಹುಡುಗಿಯರು ಕಾಲೇಜಿಗೆ ಹೊರಟಾಗ ಕೆಂಪು ಬಟ್ಟೆ ಬೀಸುವುದು. ಎಂಟೂವರೆಗೆ ತಮ್ಮ ಕೆಲಸದ ಜಾಗಕ್ಕೆ ಓಡುವುದು. ಸಂಜೆ ಅಂಜಿನವ್ವನನ್ನು ಹಾಸ್ಟೆಲ್ಲಿನ ಹಾಲಿನವನು ಗಾಡಿಯಲ್ಲಿ ಬಸ್ ಸ್ಟಾಂಡಿಗೆ ಬಿಡುತ್ತಾನೆ ಎಂದು ತಿಳಿದು ಅಷ್ಟರ ಮಟ್ಟಿಗೆ ಉಸಿರು ಬಿಟ್ಟರು. ಆದರೆ ಮಧ್ಯಾಹ್ನ, ಸಂಜೆ ದಾಟುವ ಬೇರೆಯವರು? ಕೆಲಸದ ನಡುವೆ ಆಂಬುಲೆನ್ಸ್ ಸದ್ದು ಕೇಳಿದರೆ ಸಾಬರ ಕೈಯಲ್ಲಿನ ದಾರ ಸಡಿಲವಾಗುತ್ತಿತ್ತು. ಅದು ಯಾವ ಕಡೆ ಹೋಗುತ್ತದೆ ಎಂದು ನಿಂತು ನೋಡುವರು. ವಿದ್ಯಾನಗರದ ಕಡೆ ತಿರುಗಲಿಲ್ಲ ಎಂದಾದರೆ ಮತ್ತೆ ಬಗ್ಗುವರು. ಊಟದ ಡಬ್ಬಿ ತಂದದ್ದು ತಂದ ಹಾಗೇ ಮನೆಗೆ ವಾಪಸು ಹೋಗತೊಡಗಿತು.

ಮೆಹರ್ ಬಾನು ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಹಿಡಿದು ಕೂರಿಸಿ ಕೇಳಿದರು. ಸಾಬರು ಎಲ್ಲ ಹೇಳಿದರು. ಆಕೆ ಅಳಲಿಲ್ಲ, ಬೈಯಲಿಲ್ಲ. ಕೆಲಸ ಹೋದರೆ ಹೋಗಲಿ, ನಾಳೆ ಹೋಗಿ ಹೇಳಿಬಿಡಿ ಎಂದರು. ಹ್ಞೂಂ ಎಂದರು ಸಾಬರು. ಮರುದಿನ ಕಚೇರಿಯ ಗೇಟಿನ ತನಕ ಹೋಗಿ, ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದು ಯಾರೋ ಅಂದದ್ದೇ ಸಾಕಾಗಿ ತಿರುಗಿ ಬಂದರು. ಮೀಟಿಂಗು ಮುಗಿಯುವ ತನಕ ಕಾಯಬಹುದಿತ್ತಲ್ಲ ಎಂದರು ಮೆಹರ್ ಬಾನು.

ಅತ್ತ ಅಂಜಿನವ್ವನಿಗೆ ಸಾಬರ ಮೇಲೆ ದಿನದಿನಕ್ಕೂ ಅಕ್ಕರೆ ಹೆಚ್ಚುತ್ತಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕೈಗಿಡುವಳು. ಎಂಟು ದಿನದಲ್ಲಿ ಅವಳ ಮನೆಯ ಸುದ್ದಿಯೆಲ್ಲ ಸಾಬರಿಗೆ ತಿಳಿಯಿತು. ಅವಳು ಹರಸಿದಷ್ಟೂ ಸಾಬರಿಗೆ ಹೆದರಿಕೆ ಜಾಸ್ತಿಯಾಗುತ್ತಿತ್ತು. ಆ ರೊಟ್ಟಿ ಊಟದ ಡಬ್ಬಿಯ ಜೊತೆಗೇ ಮನೆಗೆ ಹೋಗುತ್ತಿತ್ತು. ಹಾಗೆಂದು ಬೇಡವೆನ್ನಲೂ ಆಗುತ್ತಿರಲಿಲ್ಲ.

ಒಂಬತ್ತನೆಯ ದಿನಕ್ಕೆ ವೀರೇಶ್ ಹರಿಹರದಲ್ಲೇ ಕೆಲಸ ಹಾಕಿದ. ಸ್ಟೇಷನ್ ಕಡೆಯ ರಸ್ತೆ, ಗಾಡಿಗಳ ಓಡಾಟ ಹೆಚ್ಚಾಗುವ ಮೊದಲೇ ಆಗಬೇಕು, ಆರು ಗಂಟೆಗೇ ದಾರ ಬೀಳಬೇಕು ಎಂದ. ಮನೆ ಬಾಗಿಲಿನ ಕೆಲಸ, ಖುಷಿಪಡ್ರಿ ಸಾಬ್ರೆ ಎಂದು ನಗೆಯನ್ನೂ ಆಡಿದ. ನಾನು ವಿದ್ಯಾನಗರಕ್ಕೆ ಹೋಗಬೇಕು ಎಂದು ಸಾಬರು ಹೇಗೆ ಹೇಳುವುದು? ಯಾಕೆ ಎಂದು ಕೇಳುತ್ತಾನೆ. ಅಂಜಿನವ್ವನ ಹತ್ತಿರ ಫೋನಿಲ್ಲ. ಒಂದು ದಿನ ತಾನೆ ಎಂದುಕೊಂಡರು. ಇಷ್ಟು ದಿನ ಏನೂ ಆಗಿಲ್ಲ, ಇವತ್ತೇ ಆಗುತ್ತದೆಯೇ?

ಆರು ಗಂಟೆಗೆ ದಾರ ಎಳೆದರು. ಮೀಟಿದರು. ಎರ್ರಿಸ್ವಾಮಿ ನೆಲ ನೋಡಿ ಸಾಬರ ಮುಖ ನೋಡಿದ. ಮೀಟಿದ ದಾರ ಜರುಗಿ ಗೆರೆ ಎರಡಾಗಿ ಬಿದ್ದಿತ್ತು. ಅಳಿಸಿ ಮತ್ತೆ ಎಳೆದರು. ಮತ್ತೂ ಹಾಗೇ ಆಯಿತು. ಅವಳು ಈಗ ಲೋಕಿಕೆರೆಯ ಬಸ್ಸು ಹತ್ತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ. ಸಾಬರು ದಾರವನ್ನು ಎರ್ರಿಸ್ವಾಮಿಯ ಕೈಗೆ ತುರುಕಿ ಬಸ್ ಸ್ಟಾಂಡಿನ ಕಡೆ ಓಡಿದರು.

ಬಸ್ಸು ಹೊರಟಾಗ ಆರೂ ಇಪ್ಪತ್ತೈದು. ಹರಿಹರದಿಂದ ದಾವಣಗೆರೆ ಅಂಥ ದೂರವೇನಲ್ಲ, ಆದರೆ ಅವತ್ತು ಆ ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತಿತು. ಒಬ್ಬ ಹೆಂಗಸು ಹೂವಿನ ಬುಟ್ಟಿ ಹತ್ತಿಸಿದಳು, ಕಂಡಕ್ಟರು ಚಿಲ್ಲರೆಗೆ ಜಗಳ ತೆಗೆದ. ಸಾಬರು ಬಾಗಿಲಲ್ಲೇ ನಿಂತಿದ್ದರು. ಬಾಯಲ್ಲಿ ದುವಾ ಓದುತ್ತಿದ್ದರು, ಅರ್ಧಕ್ಕೆ ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಇವತ್ತು ಅವಳ ಬಸ್ಸು ತಡವಾಗಲಿ, ಇವತ್ತು ಅವಳು ರಜೆ ಹಾಕಲಿ, ಮಂಡಿ ನೋವಾದರೂ ಹೆಚ್ಚಾಗಿರಲಿ ಎಂದು ಬೇಡಿಕೊಂಡರು. ಒಬ್ಬ ಮುದುಕಿಗೆ ನೋವು ಹೆಚ್ಚಾಗಲಿ ಎಂದು ದೇವರಲ್ಲಿ ಕೇಳುವ ಸ್ಥಿತಿಗೆ ಬಂದೆನಲ್ಲ ಎಂದು ಅವರಿಗೇ ಅಳು ಬಂತು.

ಆಟೋ ಹಿಡಿದು ವಿದ್ಯಾನಗರ ಮುಟ್ಟಿದಾಗ ಏಳೂ ಹತ್ತು. ತಿರುವಿನಲ್ಲಿ ಜನ ಸೇರಿದ್ದರು. ಸಾಬರು ಬಾಡಿಗೆ ಕೊಟ್ಟು ಅಲ್ಲೇ ಕೂತಿದ್ದರು. ಇಳೀರಿ ಯಜಮಾನ್ರೆ ಎಂದು ಆಟೋದವನೇ ಹೇಳಬೇಕಾಯಿತು.

ಸಾಮಾನು ಸಾಗಿಸುವ ಸಣ್ಣ ಗಾಡಿಯೊಂದು ಪಟ್ಟಿಯ ಮೇಲೆ ಅಡ್ಡಡ್ಡ ನಿಂತಿತ್ತು. ಅಂಜಿನವ್ವ ಫುಟ್‌ಪಾತಿಗೆ ಒರಗಿ ಕೂತಿದ್ದಳು. ಬದುಕಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು, ಹಣೆಯಿಂದ ರಕ್ತ ಇಳಿದು ಸೆರಗೆಲ್ಲ ಒದ್ದೆಯಾಗಿತ್ತು. ಗಾಡಿಯ ಡ್ರೈವರು ಬೆವರುತ್ತಾ, ತಿರುಗಿದ್ದೇ ತಡ ಎದುರಿಗೇ ಇದ್ದರು, ನಾನೇನು ಮಾಡಲಿ ಎಂದು ಎಲ್ಲರಿಗೂ ಹೇಳುತ್ತಿದ್ದ. ವಯಸ್ಸಾದವರು ನೋಡಿಕೊಂಡು ದಾಟಬಾರದೇ ಎಂದು ಯಾರೋ ಅಂದರು. ಹೌದು ಹೌದು ಎಂದು ನಾಲ್ಕು ಜನ ತಲೆಯಾಡಿಸಿದರು. ಟ್ರಾಫಿಕ್ ಪೊಲೀಸೊಬ್ಬ ಬೈಕು ನಿಲ್ಲಿಸಿ ಪುಸ್ತಕ ತೆಗೆದಿದ್ದ. ಅಂಜಿನವ್ವ ಸಾಬರನ್ನು ಕಂಡಳು.

“ನಂದೇ ತಪ್ಪು ಬಿಡ್ರಿ,” ಎಂದಳು ಪೊಲೀಸನಿಗೆ. “ಈ ಸಾಬ್ರು ಬರೋ ತನ್ಕ ನಿಂದ್ರಬೇಕಿತ್ತು. ಹೊತ್ತಾಗೈತೆ ಅಂತ ಒಬ್ಬಾಕೆ ಇಳಿದೆ.”

ಹಾಸ್ಟೆಲ್ಲಿನ ಇಬ್ಬರು ಹುಡುಗಿಯರು ಅವಳನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೊಲೀಸ್ ಬರೆದುಕೊಳ್ಳತೊಡಗಿದ. ಮುದುಕಿಯೇ ತಪ್ಪು ಒಪ್ಪಿಕೊಂಡಾಗಿತ್ತು. ಡ್ರೈವರು ಬಚಾವಾದ, ಜನ ಚದುರುತ್ತಿದ್ದರು. ಒಂಬತ್ತು ದಿನದಿಂದ ಹಯಾತ್ ಸಾಬರು ಹೆದರಿದ್ದು ಯಾವುದಕ್ಕೋ ಅದು ಅವರ ಪಕ್ಕಕ್ಕೇ ಬಂದು, ಅವರನ್ನು ಮುಟ್ಟದೆ ಹೋಗುವುದರಲ್ಲಿತ್ತು. ಪಟ್ಟಿಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ, ಇನ್ನು ಕೇಳುವುದೂ ಇಲ್ಲ. ಸಾಬರು ಸುಮ್ಮನೆ ನಿಂತರೆ ಸಾಕಿತ್ತು. ಸುಮ್ಮನೆ ನಿಲ್ಲುವುದರಲ್ಲಿ ಅವರಿಗೆ ಈಗ ಒಂಬತ್ತು ದಿನದ ಅಭ್ಯಾಸವೂ ಇತ್ತು. ಆದರೆ ನಂದೇ ತಪ್ಪು ಎಂದ ಆ ಮಾತು ಅವರಿಂದ ತಡೆದುಕೊಳ್ಳಲಾಗಲಿಲ್ಲ.

“ಸಾರ್, ಆ ಅವ್ವಂದು ತಪ್ಪಲ್ರಿ,” ಎಂದರು. “ಡ್ರೈವರಂದೂ ಅಲ್ರಿ. ಈ ಪಟ್ಟಿ ಇಲ್ಲಿ ಇರಬಾರದಿತ್ತು. ಗೇಟಿನ ಎದುರಿಗೆ ಇರಬೇಕಿತ್ತು. ಬರೆದೋನು ನಾನು.”

ಪೊಲೀಸನ ಪೆನ್ನು ನಿಂತಿತು. ರಸ್ತೆಯ ಮೇಲಿನ ಪಟ್ಟಿಯೇ ತಪ್ಪು ಎಂದು ಬರೆಯಲು ಅವನ ಪುಸ್ತಕದಲ್ಲಿ ಜಾಗ ಇರಲಿಲ್ಲ. ಎಲ್ಲಿ ಬರೀಲಿ ಇದನ್ನ ಎಂದು ಸಾಬರನ್ನೇ ಕೇಳಿದ. ಎಂಜಿನಿಯರ್ ಮೇಡಂಗೆ ಫೋನ್ ಮಾಡ್ರಿ ಎಂದು ಸಾಬರು ನಂಬರು ಕೊಟ್ಟರು.

ಸಹನಾ ಮೇಡಂ ಸ್ಕೂಟರಿನಲ್ಲಿ ಬಂದರು. ಮೊದಲು ತಿರುವಿನ ಆಚೆಗೆ ನಡೆದುಹೋಗಿ ಅಲ್ಲಿಂದ ಡ್ರೈವರು ಬರುವ ಹಾಗೆ ಬಂದು ನೋಡಿದರು. ಸಾಬರು ಪುಸ್ತಕ ತೆರೆದು ಹದಿನೆಂಟು ಹೆಜ್ಜೆ ತೋರಿಸಿದರು, ಕಲ್ಲು ತೋರಿಸಿದರು. ಯಾವಾಗ ಗೊತ್ತಾಯಿತು ಎಂದು ಮೇಡಂ ಕೇಳಿದರು. ಒಂಬತ್ತು ದಿನ ಆತು ಎಂದರು ಸಾಬರು. ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನೂ ಗೇಟು ಎಲ್ಲಿದೆ ಅಂತ ನೋಡಲಿಲ್ಲ ಎಂದಷ್ಟೇ ಹೇಳಿದರು. ಹತ್ತು ಗಂಟೆಯೊಳಗೆ ತಿರುವಿಗೆ ಬ್ಯಾರಿಕೇಡು ಬಂತು. ಮಧ್ಯಾಹ್ನ ಪಟ್ಟಿಯ ಮೇಲೆ ಕಪ್ಪು ಬಣ್ಣ ಬಿತ್ತು. ಎಳೆದದ್ದು ಸಾಬರೇ.

ಆಮೇಲೆ ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. ಕಲ್ಲು ಕಿತ್ತು ಜೋಡಿಸಿದ ಬೇರೆ ರಸ್ತೆಗಳಲ್ಲೂ ನಿಮ್ಮ ಗುರುತಿದೆಯೇ? ಇತ್ತು. ಐದು ರಸ್ತೆ. ಅಷ್ಟರಲ್ಲಿ ವೀರೇಶ್ ಫೋನಿನಲ್ಲೇ, ನಾಳೆಯಿಂದ ಬರೋದು ಬ್ಯಾಡ ಸಾಬ್ರೆ ಎಂದಿದ್ದ. ಹೆಜ್ಜೆಯ ಪುಸ್ತಕ ಓದುವವರು ಇನ್ಯಾರೂ ಇಲ್ಲ, ತಪಾಸಣೆ ಮುಗಿಯುವ ತನಕ ಅವರು ಬೇಕು ಎಂದು ಮೇಡಂ ಅವನಿಗೆ ಹೇಳಿದರು. ಎರಡು ದಿನ ಟೇಪು ಹಿಡಿದು ಇಬ್ಬರೂ ನಡೆದರು. ಒಂದೊಂದು ಕಂಬಕ್ಕೆ ಬೆನ್ನು ಹಚ್ಚಿ ಸಾಬರು ಹೆಜ್ಜೆಯನ್ನು ಬಾಯಿಬಿಟ್ಟು ಎಣಿಸಿದರು. ನಾಲ್ಕು ಸರಿ ಇದ್ದವು. ಐದನೆಯದು ಮೂರು ಹೆಜ್ಜೆ ಸರಿದಿತ್ತು. ಅಲ್ಲಿ ರಸ್ತೆ ನೆಟ್ಟಗಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಅದನ್ನೂ ಅಳಿಸಿ ಬರೆಸಿದರು.

ಮೂರನೆಯ ದಿನ ಮೆಹರ್ ಬಾನು, ಪೊಲೀಸರಿಗೆ ಹೇಳಿದಿರಿ, ಮೇಡಂಗೆ ಹೇಳಿದಿರಿ, ಹೇಳಬೇಕಾದವರಿಗೆ ಇನ್ನೂ ಹೇಳಿಲ್ಲ ಎಂದರು. ಸಾಬರಿಗೆ ಅದು ಗೊತ್ತಿತ್ತು. ಪೊಲೀಸಿಗಿಂತ, ಕೇಸಿಗಿಂತ, ಕೆಲಸ ಹೋಗುವುದಕ್ಕಿಂತ ಅವರಿಗೆ ಈಗ ಅಂಜಿನವ್ವನ ಮುಖದ ಹೆದರಿಕೆ. ಹೆಂಡತಿ ಜೊತೆಗೆ ಹೊರಟಿದ್ದರಿಂದ ಅರ್ಧದಾರಿಗೆ ತಿರುಗಿ ಬರಲಾಗಲಿಲ್ಲ.

ಅಂಜಿನವ್ವ ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೊಣಕೈ ತನಕ ಬಿಳಿ ಕಟ್ಟು. ರೊಟ್ಟಿ ಬಡಿಯುವ ಕೈ. ಮೂರು ತಿಂಗಳು ಹಿಟ್ಟು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರಂತೆ. ಸಾಬರನ್ನು ಕಂಡು ಎಡಗೈಯಿಂದ ಮಂಚದ ತುದಿ ಒರೆಸಿ, ಕೂಡ್ರಿ ಸಾಬ್ರೆ ಎಂದಳು. ಸಾಬರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಕಲ್ಲು, ಕಾಗೆಗಾಲು, ಹದಿನೆಂಟು ಹೆಜ್ಜೆ, ಒಂಬತ್ತು ದಿನ.

“ಮೊದ್ಲ ದಿನ ನನ್ ಕೈ ಹಿಡಿದಾಗ್ಲೇ ಗೊತ್ತಿತ್ತೇನ್ರಿ?” ಎಂದಳು ಕೊನೆಗೆ.

“ಗೊತ್ತಿತ್ತವ್ವ.”

“ಅದ್ಕೇ ದಿನಾ ಬರ್ತಿದ್ರಿ.”

ಸಾಬರು ತಲೆಯಾಡಿಸಿದರು. ಅಂಜಿನವ್ವ ಮೆಹರ್ ಬಾನು ಕಡೆ ತಿರುಗಿದಳು. ಊರಿನಲ್ಲೆಲ್ಲ ಇವರ ಸುದ್ದಿಯನ್ನೇ ಹೇಳಿದ್ದೆ, ದಾವಣಗೆರೆಯಲ್ಲಿ ಒಬ್ಬ ಸಾಬರಿದ್ದಾರೆ, ಒಡಹುಟ್ಟಿದವರ ಹಾಗೆ ಕೈ ಹಿಡಿದು ದಾಟಿಸುತ್ತಾರೆ ಅಂತ, ಎಂದು ಆಕೆಗೆ ಹೇಳಿದಳು, ಸಾಬರಿಗಲ್ಲ. ಮೆಹರ್ ಬಾನು ತಂದಿದ್ದ ಮೋಸಂಬಿ ಚೀಲವನ್ನು ಹಿಡಿದುಕೊಂಡೇ ನಿಂತಿದ್ದರು. ಪಕ್ಕದ ಮಂಚದ ರೋಗಿಯೂ ಕಿವಿಗೊಟ್ಟು ಕೇಳುತ್ತಿದ್ದಳು. ಅಂಜಿನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟು ಅವಳ ಮುಖದಲ್ಲಿ ಇರಲಿಲ್ಲ. ಅರ್ಥವಾಗದ್ದೇನನ್ನೋ ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಳು.

“ಅವತ್ತೇ ಹೇಳಿದ್ರೆ ನಾನು ಗೇಟಿನ ಎದುರಿಗೆ ದಾಟ್ತಿದ್ದೆ ಸಾಬ್ರೆ,” ಎಂದಳು. “ಅಷ್ಟೇ ಅಲ್ರೀ?”

ಅಷ್ಟೇ ಆಗಿತ್ತು. ಹಯಾತ್ ಸಾಬರು ಹೌದು ಎಂದರು.